ಅಂಚೆಕಾರ್ಡುಗಳ ಲೆಕ್ಕ

1994ರಲ್ಲಿ ಉದಯ ಟಿ.ವಿ. ಶುರುವಾದಾಗ ನಾನು ಬೆಂಗಳೂರು ದೂರದರ್ಶನದಲ್ಲಿ ಕೃಷಿ ಕಾರ್ಯಕ್ರಮಗಳ ನಿರ್ಮಾಪಕನಾಗಿದ್ದೆ. 1981ರಿಂದ ಅಲ್ಲಿಯವರೆಗೆ ಕನ್ನಡದಲ್ಲಿ ನೋಡಲು ಬೇರೆ ವಾಹಿನಿಯೇ ಇರಲಿಲ್ಲವಾದ್ದರಿಂದ, ಜನ ನೋಡುತ್ತಾರೋ ಇಲ್ಲವೋ ಎಂಬ ಪ್ರಶ್ನೆ ನನ್ನನ್ನು ಎಂದೂ ಕಾಡಿರಲಿಲ್ಲ. 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡವೂ ಬರುವ ಹೊತ್ತಿಗೆ ಆ ನೆಮ್ಮದಿ ಪೂರ್ತಿ ಹೋಗಿತ್ತು.

ಮೊದಲು ನಾನು ಮಾಡಿದ್ದು ಅನುಕರಣೆ. ಸೆಟ್ಟಿಗೆ ಬಣ್ಣ ಹಚ್ಚಿಸಿದೆ, ನಿರೂಪಕಿಗೆ ರೇಷ್ಮೆ ಸೀರೆ ಉಡಿಸಿದೆ, ಗೊಬ್ಬರದ ಮಾತಿನ ನಡುವೆ ಜನಪದ ಗೀತೆ ತುರುಕಿದೆ. ಪೇಟೆಯವರು ಮರಳಿ ಬರಲಿಲ್ಲ, ಹಳ್ಳಿಯವರು ನಕ್ಕರು. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡುತ್ತಾರೆಂದು ಅಳೆಯುವ ಟಿಆರ್‌ಪಿ ಮೀಟರುಗಳು ಆ ಕಾಲದಲ್ಲಿ ನಗರ, ಪಟ್ಟಣಗಳ ಮನೆಗಳಲ್ಲಷ್ಟೇ ಇದ್ದವು. ಹಳ್ಳಿಗಳು ಆ ಲೆಕ್ಕಕ್ಕೆ ಸೇರಿದ್ದು 2015ರಲ್ಲಿ ಬಾರ್ಕ್ ಎಂಬ ಹೊಸ ಅಳತೆ ಸಂಸ್ಥೆ ಬಂದ ಮೇಲೆ. ಆದ್ದರಿಂದ ನನ್ನ ಪಾಲಿಗೆ ಉಳಿದ ಅಳತೆಗೋಲು ನೋಡುಗರು ಬರೆಯುತ್ತಿದ್ದ ಅಂಚೆಕಾರ್ಡು ಮಾತ್ರ. ಒಂದು ಭಾನುವಾರ ಮೂಟೆ ಬಿಚ್ಚಿ, ಊರುವಾರು ಗುಡ್ಡೆ ಹಾಕಿಕೊಂಡು ಓದಲು ಕುಳಿತೆ.

ತಿಪಟೂರು, ಅರಸೀಕೆರೆ ಕಡೆಯ ಗುಡ್ಡೆಯೇ ದೊಡ್ಡದಾಗಿತ್ತು. ಆಗ ತೆಂಗಿಗೆ ನುಸಿಪೀಡೆ ಬಡಿದಿತ್ತು. ಕಾಯಿ ಕಂದುಗಟ್ಟಿ, ಬಿರಿದು, ಸಣ್ಣದಾಗಿ ಉದುರುತ್ತಿತ್ತು. ಅದರ ಬಗ್ಗೆ ನಾವು ಚರ್ಚೆ ಪ್ರಸಾರ ಮಾಡಿಯಾಗಿತ್ತು, ಆದರೆ ಸ್ಟುಡಿಯೋದಲ್ಲಿ ಕುಳಿತ ವಿಜ್ಞಾನಿಗಳು ಬೇರಿನ ಮೂಲಕ ಬೇವಿನ ಔಷಧಿ ಉಣಿಸಬೇಕೆಂದು ಹೇಳಿದ್ದನ್ನು ಕೇಳಿದ ರೈತರಿಗೆ ಯಾವ ಬೇರು, ಎಲ್ಲಿ ಕೊಯ್ಯಬೇಕು ಎಂಬುದೇ ತಿಳಿದಿರಲಿಲ್ಲ. ‘ಸ್ವಾಮಿ, ಬಾಯಲ್ಲಿ ಹೇಳಬೇಡಿ, ಕೈಯಲ್ಲಿ ಮಾಡಿ ತೋರಿಸಿ’ ಎಂದು ಒಬ್ಬರು ಬರೆದಿದ್ದರು.

ಮುಂದಿನ ವಾರ ಕ್ಯಾಮೆರಾ ತೋಟಕ್ಕೆ ಹೋಯಿತು. ಬುಡದ ಮಣ್ಣು ಸರಿಸಿ, ಪೆನ್ಸಿಲ್ ದಪ್ಪದ ಜೀವಂತ ಬೇರೊಂದನ್ನು ಆರಿಸಿ, ತುದಿಯನ್ನು ಓರೆಯಾಗಿ ಕೊಯ್ದು, ಔಷಧಿ ತುಂಬಿದ ಪ್ಲಾಸ್ಟಿಕ್ ಚೀಲದೊಳಗೆ ಅದನ್ನು ಇಳಿಸಿ ದಾರ ಕಟ್ಟುವವರೆಗೆ ಎಲ್ಲವನ್ನೂ ಹತ್ತಿರದಿಂದ, ಅವಸರವಿಲ್ಲದೆ ಚಿತ್ರಿಸಿದೆವು. ಅದರಲ್ಲೂ ಎಡವಿದೆ: ಒಣ ಬೇರಿಗೂ ಎಳೆ ಬೇರಿಗೂ ಇರುವ ವ್ಯತ್ಯಾಸ ಪರದೆಯ ಮೇಲೆ ಕಾಣಲಿಲ್ಲವೆಂದು ಕಾರ್ಡುಗಳು ಬಂದವು, ಎರಡನ್ನೂ ಅಕ್ಕಪಕ್ಕ ಹಿಡಿದು ಮತ್ತೆ ಚಿತ್ರೀಕರಿಸಬೇಕಾಯಿತು. ಎರಡನೆಯ ಬಾರಿ ವಿಜ್ಞಾನಿಗಳ ಬದಲು ತೋಟದ ಯಜಮಾನರೇ ಮಾತನಾಡಿದರು. ಅಷ್ಟು ನಿಧಾನವಾದ ದೃಶ್ಯಕ್ಕೆ ಜಾಹೀರಾತಿನವರು ಹಣ ಕೊಡುವುದಿಲ್ಲ, ಆದ್ದರಿಂದ ಖಾಸಗಿಯವರು ಆ ತೋಟಕ್ಕೆ ಬರುವ ಭಯವೂ ನನಗಿರಲಿಲ್ಲ.

ಸಮಯದ ವಿಷಯ ನನಗೆ ಹೊಳೆದದ್ದು ಇನ್ನೂ ತಡವಾಗಿ. ಹೆಂಗಸರು ಬರೆದ ಕಾರ್ಡುಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಇರುತ್ತಿತ್ತು: ನಮ್ಮ ಕಾರ್ಯಕ್ರಮ ಬರುವ ಸಂಜೆಯ ಹೊತ್ತಿಗೆ ಅವರು ಹಾಲು ಕರೆದು ಡೇರಿಗೆ ಹಾಕಲು ಹೋಗಿರುತ್ತಾರೆ. ಧಾರಾವಾಹಿಗಳ ಎದುರು ಸೋತೆನೆಂದು ನಾನು ಅಂದುಕೊಂಡಿದ್ದ ಕಡೆ, ನಿಜವಾಗಿ ಎದುರಿಗಿದ್ದದ್ದು ಹಾಲಿನ ಕ್ಯಾನು. ಬೆಳಗಿನ ಮರುಪ್ರಸಾರಕ್ಕೆ ಬರೆದುಕೊಟ್ಟೆ. ಒಪ್ಪಿಗೆ ಸಿಗಲು ಕೆಲವು ತಿಂಗಳು ಹಿಡಿಯಿತು. ಅದು ಆರಂಭವಾದ ಮೇಲೆ ಬಂದ ಕಾರ್ಡುಗಳಲ್ಲಿ ಪ್ರಶ್ನೆಗಳ ಜೊತೆ ಜಗಳವೂ ಇರತೊಡಗಿತು: ಕಳೆದ ವಾರ ಹೇಳಿದ ಪ್ರಮಾಣ ತಮ್ಮ ಕೆಂಪು ಮಣ್ಣಿಗೆ ಹೊಂದುವುದಿಲ್ಲ, ಬಂದು ನೋಡಿ ಹೋಗಿ ಎಂದು.