ಎರಡನೆಯ ಸಲ ಬಾಗಿಲು ತಟ್ಟುವುದು: ಸ್ಥಳೀಯ ಹೋರಾಟಕ್ಕೆ ಕೈಜೋಡಿಸುವವರಿಗೆ

ನೆರೆಹೊರೆಯ ಒಂದು ಸಮಸ್ಯೆಗಾಗಿ ದನಿಯೆತ್ತಬೇಕೆಂದು ಹೊರಡುವವರಲ್ಲಿ ಬಹುಪಾಲು ಜನ ಮೊದಲ ಸಭೆಗೆ ಬರುತ್ತಾರೆ, ಮೊದಲ ಮನವಿಗೆ ಸಹಿ ಹಾಕುತ್ತಾರೆ, ಮೊದಲ ಮೆರವಣಿಗೆಯಲ್ಲಿ ಘೋಷಣೆಯನ್ನೂ ಕೂಗುತ್ತಾರೆ. ಮೂರನೆಯ ವಾರಕ್ಕೆ ಕುರ್ಚಿಗಳು ಖಾಲಿ ಬೀಳುತ್ತವೆ. ಇದನ್ನು ಜನರ ಉದಾಸೀನವೆಂದು ದೂರುವುದು ಸುಲಭ. ನನ್ನ ಮಟ್ಟಿಗೆ, ತಪ್ಪಿರುವುದು ಹೆಚ್ಚಾಗಿ ಮೊದಲ ದಿನದ ಉತ್ಸಾಹಕ್ಕಷ್ಟೇ ಸಿದ್ಧತೆ ಮಾಡಿಕೊಂಡು ಎರಡನೆಯ ಭೇಟಿಯ ಬಗ್ಗೆ ಯೋಚಿಸದೇ ಇರುವುದರಲ್ಲಿ.

ಆರಂಭಕ್ಕೆ ಮುನ್ನ ಸಮಸ್ಯೆಯನ್ನು ಬೇಡಿಕೆಯಾಗಿ ಬದಲಿಸಿಕೊಳ್ಳಿ. ‘ಇಲ್ಲಿ ಸಂಚಾರದ ತೊಂದರೆ ಇದೆ’ ಎಂಬ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ, ಯಾರೂ ಪರಿಹರಿಸುವುದೂ ಇಲ್ಲ. ‘ಶಾಲೆಯ ಮುಂದೆ ಮೂರು ತಿಂಗಳೊಳಗೆ ರಸ್ತೆಯುಬ್ಬು ಹಾಕಿಸಿ’ ಎಂದರೆ ಎದುರಿಗಿರುವವರು ಹೌದು ಅಥವಾ ಇಲ್ಲ ಎನ್ನಲೇಬೇಕಾಗುತ್ತದೆ. ಹೌದೆನ್ನುವ ಅಧಿಕಾರ ಯಾವ ಹುದ್ದೆಯಲ್ಲಿರುವ ಯಾರಿಗಿದೆ, ಕೆಲಸ ಆಯಿತೆಂದು ಯಾವುದನ್ನು ನೋಡಿ ತೀರ್ಮಾನಿಸುತ್ತೀರಿ, ತೊಂದರೆ ಅನುಭವಿಸುತ್ತಿರುವವರಲ್ಲಿ ಎಷ್ಟು ಮಂದಿ ತಾವೇ ಮುಂದೆ ಬರುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದಿದ್ದರೆ ಬೇಡಿಕೆ ಇನ್ನೂ ಮಾಗಿಲ್ಲವೆಂದು ತಿಳಿಯಬೇಕು. ನ್ಯೂಯಾರ್ಕ್‌ನ ವಾಷಿಂಗ್ಟನ್ ಸ್ಕ್ವೇರ್ ಉದ್ಯಾನದ ನಡುವೆ ರಸ್ತೆ ಹಾಯಿಸುವ ಯೋಜನೆಯನ್ನು 1950ರ ದಶಕದಲ್ಲಿ ಎದುರಿಸಿದ ಶರ್ಲಿ ಹೇಯ್ಸ್, ರಸ್ತೆಯನ್ನು ಕೊಂಚ ಕಿರಿದಾಗಿಸುವ ರಾಜಿಗೆ ಒಪ್ಪದೆ, ಉದ್ಯಾನದೊಳಗೆ ವಾಹನವೇ ಬೇಡವೆಂದು ಪಟ್ಟು ಹಿಡಿದರು. ಮುಂದೆ ನಗರಗಳ ಬಗ್ಗೆ ಬರೆಯುತ್ತಿದ್ದ ಲೇಖಕಿ ಜೇನ್ ಜೇಕಬ್ಸ್ ಮೊದಲಾದವರು ಸೇರಿದ್ದ ಸಮಿತಿ, ಉದ್ಯಾನವನ್ನು ವಾಹನಗಳಿಗೆ ಮುಚ್ಚಬೇಕೆಂಬ ಬೇಡಿಕೆಯನ್ನು ತನ್ನ ಹೆಸರಿನಲ್ಲೇ ಸೇರಿಸಿಕೊಂಡಿತ್ತು. ಹೆಸರು ಕೇಳಿದವರು ಇವರಿಗೇನು ಬೇಕೆಂದು ಮತ್ತೆ ವಿಚಾರಿಸಬೇಕಾಗಿರಲಿಲ್ಲ.

ಹೊಸ ಸಂಘಟನೆ ಕಟ್ಟುವ ಆಸೆಯನ್ನು ಸ್ವಲ್ಪ ಕಾಲ ಬದಿಗಿಡುವುದು ಒಳ್ಳೆಯದು. ಇದೇ ವಿಷಯಕ್ಕೆ ದುಡಿಯುತ್ತಿರುವ ಗುಂಪೊಂದು ಈಗಾಗಲೇ ಇದ್ದರೆ ಎರಡು ಮೂರು ತಿಂಗಳು ಅದರಲ್ಲಿ ಕುರ್ಚಿ ಜೋಡಿಸುವ, ಹಾಜರಿ ಬರೆಯುವ ಕೆಲಸ ಮಾಡಿ. ಹಿಂದೆ ಏನೇನು ಪ್ರಯತ್ನ ನಡೆದು ಸೋತಿತು, ಯಾರ ಮಾತಿಗೆ ತೂಕವಿದೆ ಎಂಬುದು ಆಗಲೇ ಗೊತ್ತಾಗುತ್ತದೆ.

ಮನೆಮನೆಯ ಭೇಟಿಗೆ ಪರ್ಯಾಯವಿಲ್ಲ. ಅಮೆರಿಕದ ನ್ಯೂ ಹೇವನ್ ನಗರದಲ್ಲಿ 1998ರ ಚುನಾವಣೆಯ ವೇಳೆ ರಾಜ್ಯಶಾಸ್ತ್ರಜ್ಞರಾದ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ನಡೆಸಿದ ಪ್ರಯೋಗದಲ್ಲಿ, ಮುಖಾಮುಖಿ ಮಾತನಾಡಿಸಿದ ಮತದಾರರಲ್ಲಿ ಮತ ಹಾಕಿದವರ ಪ್ರಮಾಣ ಗಣನೀಯವಾಗಿ ಹೆಚ್ಚಿತು. ದೂರವಾಣಿ ಕರೆಗಳಿಂದ ಅಂಥ ಫಲ ಕಾಣಲಿಲ್ಲ. ಭೇಟಿಗೆ ಇಬ್ಬರು ಜೊತೆಯಾಗಿ, ಬೆಳಕಿರುವಾಗಲೇ ಹೋಗಿ. ಬಾಗಿಲು ತೆರೆದವರಿಗೆ ಹೆಸರು ಹೇಳಿ, ಯಾವ ಗುಂಪಿನವರೆಂದು ಹೇಳಿ, ಒಂದೇ ಪ್ರಶ್ನೆ ಕೇಳಿ: ‘ಇಲ್ಲಿ ನಿಮಗೆ ಹೆಚ್ಚು ತೊಂದರೆ ಕೊಡುತ್ತಿರುವುದು ಯಾವುದು?’ ಆಮೇಲೆ ಬಾಯಿ ಮುಚ್ಚಿ ಕೇಳಿ. ಅವರ ಉತ್ತರ ನಿಮ್ಮ ಬೇಡಿಕೆಗೆ ಸಂಬಂಧಪಡದಿದ್ದರೂ ಹೊರಬಂದ ತಕ್ಷಣ ಅವರದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಿ. ಹತ್ತು ದಿನದೊಳಗೆ ಆ ಬರಹ ಹಿಡಿದು ಮತ್ತೆ ಹೋಗಿ, ‘ನೀವು ಹೀಗೆಂದಿದ್ದಿರಿ, ಅದರ ಬಗ್ಗೆ ವಿಚಾರಿಸಿದಾಗ ಇಷ್ಟು ತಿಳಿಯಿತು’ ಎನ್ನಿ. ಮೊದಲ ಭೇಟಿಯಲ್ಲಿ ನೀವು ಏನನ್ನೋ ಕೇಳಲು ಬಂದ ಅಪರಿಚಿತರಾಗಿದ್ದಿರಿ. ಈಗ ಹೇಳಿದ ಮಾತಿಗೆ ನಡೆದುಕೊಂಡವರು. ನೂರು ಮನೆಗಳನ್ನು ಒಮ್ಮೆ ಮುಟ್ಟುವುದಕ್ಕಿಂತ ನಲವತ್ತು ಮನೆಗಳಿಗೆ ಎರಡು ಸಲ ಹೋಗುವುದು ಮೇಲು. ಬರೆದಿಟ್ಟ ಹೆಸರು, ದೂರವಾಣಿ ಸಂಖ್ಯೆಗಳನ್ನು ಒಪ್ಪಿಗೆಯಿಲ್ಲದೆ ಬೇರೆ ಗುಂಪಿಗಾಗಲಿ ಪಕ್ಷಕ್ಕಾಗಲಿ ಕೊಡಬಾರದು.

ಸಭೆಗಳ ವಿಷಯದಲ್ಲಿ ನಾನು ತುಸು ಕಟುವಾಗಿದ್ದೇನೆ, ಏಕೆಂದರೆ ಒಳ್ಳೆಯ ಗುಂಪುಗಳು ಕೆಟ್ಟ ಸಭೆಗಳಿಂದಲೇ ಒಡೆದಿದ್ದನ್ನು ಕಂಡಿದ್ದೇನೆ. ಹೇಳಿದ ಹೊತ್ತಿಗೆ ಆರಂಭಿಸಿ. ತಡವಾಗಿ ಬಂದವರಿಗಾಗಿ ಕಾಯುವುದೆಂದರೆ ಸಮಯಕ್ಕೆ ಬಂದವರಿಗೆ ದಂಡ ಹಾಕಿದಂತೆ. ಒಂದು ಗಂಟೆ ಮೀರಬೇಡಿ. ನಡಾವಳಿ ಬರೆಯುವವರು ಮತ್ತು ಸಭೆ ನಡೆಸುವವರು ಬೇರೆಬೇರೆಯಾಗಿರಲಿ, ಈ ಎರಡು ಹೊಣೆಗಳೂ ಸರದಿಯ ಮೇಲೆ ಬದಲಾಗುತ್ತಿರಲಿ. ನಿರ್ಣಯ ಬರೆಯುವಾಗ ‘ಪತ್ರ ಬರೆಯಲು ತೀರ್ಮಾನಿಸಲಾಯಿತು’ ಎಂಬ ಕರ್ಮಣಿ ಪ್ರಯೋಗವನ್ನು ಕಡ್ಡಾಯವಾಗಿ ನಿಷೇಧಿಸಿ, ಯಾರು, ಯಾವ ದಿನಾಂಕದೊಳಗೆ ಬರೆಯುತ್ತಾರೆಂದು ನಮೂದಿಸಿ. ವಾಕ್ಯದಲ್ಲಿ ಕರ್ತೃ ಇಲ್ಲದಿದ್ದರೆ ಕೆಲಸಕ್ಕೂ ಕರ್ತೃ ಸಿಗುವುದಿಲ್ಲ. ಹೊಸಬರು ಸಭೆ ಬಿಟ್ಟು ಹೋಗುವಾಗ ಅವರ ಕೈಯಲ್ಲಿ ಒಂದು ಸಣ್ಣ ಕೆಲಸವಿರಲಿ: ಎರಡು ಮನೆಗಳ ಭೇಟಿ, ಒಂದು ದಾಖಲೆಯ ನಕಲು, ಅರ್ಧ ದಿನದ ವಾಹನ ಎಣಿಕೆ. ಬರಿಗೈಯಲ್ಲಿ ಹೋದವರು ಮರಳಿ ಬರಲು ಕಾರಣವಿರುವುದಿಲ್ಲ.

ಕಾಗದಪತ್ರಗಳ ಶಿಸ್ತನ್ನು ನಾನು ಪೆಟ್ಟು ತಿಂದೇ ಕಲಿತೆ. ಒಮ್ಮೆ ವಾರಗಟ್ಟಲೆ ತಿರುಗಿ ಸಂಗ್ರಹಿಸಿದ ಸಹಿಗಳ ಮೂಲಪ್ರತಿಯನ್ನೇ ಕಚೇರಿಯೊಂದರಲ್ಲಿ ಕೊಟ್ಟು, ಸ್ವೀಕೃತಿ ಪಡೆಯದೆ ಬಂದಿದ್ದೆವು; ತಿಂಗಳ ನಂತರ ಅಂಥ ಮನವಿಯೇ ಬಂದಿಲ್ಲವೆಂಬ ಉತ್ತರ ಸಿಕ್ಕಿತು. ಕೊಡುವ ಪ್ರತಿ ಪತ್ರಕ್ಕೂ ನಕಲು, ಮುದ್ರೆ, ದಿನಾಂಕ ಇರಲಿ. ದಾಖಲೆಯ ಬಲವೇನೆಂದು ತೋರಿಸಿಕೊಟ್ಟವರು ರಾಜಸ್ಥಾನದಲ್ಲಿ 1990ರಲ್ಲಿ ಆರಂಭವಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು. 1994ರಿಂದ ಅವರು ನಡೆಸಿದ ಜನಸುನವಾಯಿಗಳಲ್ಲಿ, ಅಂದರೆ ಬಹಿರಂಗ ವಿಚಾರಣೆಗಳಲ್ಲಿ, ಕಾಮಗಾರಿಗಳ ಹಾಜರಿಪಟ್ಟಿಗಳನ್ನೂ ಬಿಲ್ಲುಗಳನ್ನೂ ಊರವರ ಮುಂದೆ ಗಟ್ಟಿಯಾಗಿ ಓದಲಾಯಿತು. ಕೆಲಸಕ್ಕೇ ಹೋಗದವರ ಹೆಸರಿನಲ್ಲಿ ಕೂಲಿ ಬರೆದಿದ್ದನ್ನು ಅಲ್ಲಿದ್ದವರೇ ಗುರುತಿಸಿದರು. 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿ ಮಾಡಿದ ಹೋರಾಟಗಳಲ್ಲಿ ಇದು ಪ್ರಮುಖವಾದುದು. ಭಾಷಣ ಬೇಕಾಗಿರಲಿಲ್ಲ, ಪಟ್ಟಿ ಓದಿದರೆ ಸಾಕಾಗಿತ್ತು.

ಅಧಿಕಾರಿಯನ್ನೋ ಜನಪ್ರತಿನಿಧಿಯನ್ನೋ ಕಾಣಲು ಮೂರರಿಂದ ಐದು ಮಂದಿ ಸಾಕು. ಅವರಲ್ಲಿ ಒಬ್ಬರಾದರೂ ತೊಂದರೆಯನ್ನು ನೇರವಾಗಿ ಉಂಡವರಾಗಿರಬೇಕು, ಬೇಡಿಕೆಯನ್ನು ಒಬ್ಬರೇ ಮಂಡಿಸಬೇಕು, ಮತ್ತೊಬ್ಬರು ಬರೆದುಕೊಳ್ಳಬೇಕು. ‘ನೋಡೋಣ’ ಎಂಬ ಉತ್ತರಕ್ಕೆ ‘ಯಾವ ದಿನದೊಳಗೆ?’ ಎಂದು ವಿನಯದಿಂದಲೇ ಕೇಳಿ. ಮರುದಿನವೇ ‘ನಿನ್ನೆ ತಾವು ಇಂತಿಂಥ ಭರವಸೆ ಕೊಟ್ಟಿರಿ’ ಎಂದು ಪತ್ರ ಕಳುಹಿಸಿದರೆ ಆಡಿದ ಮಾತು ಕಡತಕ್ಕೆ ಸೇರುತ್ತದೆ.

ಮನವಿಗೆ ಫಲ ಸಿಗದಿದ್ದಾಗ ಧರಣಿ, ಬಹಿಷ್ಕಾರಗಳ ಮಾತು ಬರುತ್ತದೆ. ಅಲ್ಲಿ ಧೈರ್ಯದಷ್ಟೇ ವ್ಯವಸ್ಥೆಯೂ ಬೇಕು. 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್‌ಗೊಮರಿಯಲ್ಲಿ ಬಿಳಿಯ ಪ್ರಯಾಣಿಕನಿಗೆ ಬಸ್ಸಿನ ಆಸನ ಬಿಟ್ಟುಕೊಡದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಂಧನವಾದ ರಾತ್ರಿಯೇ ಜೋ ಆನ್ ರಾಬಿನ್ಸನ್ ಮತ್ತು ಸಂಗಡಿಗರು ಸಾವಿರಾರು ಕರಪತ್ರಗಳನ್ನು ಅಚ್ಚು ಹಾಕಿದರು. ಅವರ ಮಹಿಳಾ ಸಂಘಟನೆ ಬಸ್ ಬಹಿಷ್ಕಾರದ ಬಗ್ಗೆ ಮೊದಲೇ ಯೋಚಿಸಿತ್ತು. ಬಹಿಷ್ಕಾರ 381 ದಿನ ನಿಂತದ್ದರ ಹಿಂದೆ ಕೆಲಸಕ್ಕೆ ಹೋಗುವವರನ್ನು ಕರೆದೊಯ್ಯಲು ಕಾರುಗಳನ್ನು ಹೊಂದಿಸಿದ, ಹತ್ತಿಳಿಯುವ ಜಾಗಗಳನ್ನು ಗುರುತಿಸಿದ ದುಡಿಮೆಯಿತ್ತು. ಆದ್ದರಿಂದ ಧರಣಿಗೆ ದಿನ ಗೊತ್ತುಮಾಡುವ ಮುಂಚೆ, ಎರಡನೆಯ ವಾರ ಯಾರು ಬರುತ್ತಾರೆ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಕೂಲಿ ಕಳೆದುಕೊಳ್ಳುವವರಿಗೆ ಏನು ದಾರಿ ಎಂದು ಬರೆದುಕೊಳ್ಳಿ. ಅನುಮತಿಯ ನಿಯಮಗಳನ್ನು ಮೊದಲೇ ತಿಳಿದುಕೊಂಡು, ವಕೀಲರೊಬ್ಬರ ಸಂಖ್ಯೆಯನ್ನು ಎಲ್ಲರಿಗೂ ಕೊಟ್ಟಿರಿ.

ಪಕ್ಷದ ಕಾರ್ಯಕರ್ತರಾಗಿ ದುಡಿಯುವುದರಲ್ಲಿ ತಪ್ಪೇನಿಲ್ಲ; ಪಕ್ಷಾತೀತ ಸಮಿತಿಯೊಳಗೆ ಅದನ್ನು ಮುಚ್ಚಿಡುವುದು ತಪ್ಪು. ಮೊದಲ ಸಭೆಯಲ್ಲೇ ಹೇಳಿಬಿಡಿ. ಹಣ ಬಂದರೆ ಎಷ್ಟೇ ಸಣ್ಣದಿರಲಿ ರಸೀದಿ ಕೊಡಿ, ಇಬ್ಬರ ಸಹಿಯಿಂದಲೇ ಖರ್ಚು ಮಾಡಿ, ಲೆಕ್ಕವನ್ನು ಪ್ರತಿ ತಿಂಗಳು ಸಭೆಯಲ್ಲಿ ಓದಿ.

ಉತ್ತರ ಬಂದ ವಾರದಲ್ಲೇ, ಅದು ಗೆಲುವಾಗಿರಲಿ ಸೋಲಾಗಿರಲಿ, ಸಹಿ ಹಾಕಿದವರ ಪಟ್ಟಿ ಹಿಡಿದು ಅದೇ ಮನೆಗಳಿಗೆ ಹೋಗಿ. ಏನು ಕೇಳಿದ್ದೆವು, ಏನು ಸಿಕ್ಕಿತು, ಯಾವುದನ್ನು ನಿರಾಕರಿಸಿದರು, ಅದಕ್ಕೆ ಏನು ಕಾರಣ ಕೊಟ್ಟರು ಎಂದು ನಾಲ್ಕು ಸಾಲಿನಲ್ಲಿ ಬರೆದ ಹಾಳೆಯನ್ನು ಕೈಗಿಟ್ಟು, ಮುಂದಿನ ಸಭೆಯ ದಿನಾಂಕವನ್ನು ಅದರ ಕೆಳಗೆ ಬರೆಯಿರಿ.