ಕಾಫಿ ಕಣದಲ್ಲಿ ವೃತ್ತ ಎಳೆದು ಗಿಟಾರ್ ಕಾರ್ಡ್ ಕಲಿಯಿರಿ

ಹೋಂಸ್ಟೇಯಲ್ಲಿ ರಾತ್ರಿ ಬೆಂಕಿ ಹಾಕಿ ಗಿಟಾರ್ ಬಾರಿಸುವವರಿಗೆ ಕಾರ್ಡ್ ಗೊತ್ತು, ಅಂದರೆ ಒಟ್ಟಿಗೆ ಬಾರಿಸುವ ಮೂರು ನಾಲ್ಕು ಸ್ವರಗಳ ಗುಂಪು. ಹೈಸ್ಕೂಲ್ ಮಕ್ಕಳಿಗೆ ಜ್ಯಾ ಗೊತ್ತು, ಅಂದರೆ ವೃತ್ತದ ಮೇಲಿನ ಎರಡು ಬಿಂದು ಸೇರಿಸುವ ನೇರ ಗೆರೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಕಾರ್ಡ್ ಅಂತಲೇ ಹೆಸರು, ಆದರೆ ಹುಟ್ಟು ಬೇರೆ ಬೇರೆ. ಗಣಿತದ್ದು ಲ್ಯಾಟಿನ್‌ನ ‘ಕೋರ್ಡಾ’ದಿಂದ ಬಂದದ್ದು, ಅಂದರೆ ತಂತಿ. ಸಂಗೀತದ್ದು ‘ಅಕಾರ್ಡ್’ನಿಂದ, ಅಂದರೆ ಹೊಂದಿಕೆ. ಎರಡೂ ಒಂದೇ ವೃತ್ತದಲ್ಲಿ ಕೂರುತ್ತವೆ ಅನ್ನುವುದೇ ಮಜಾ. ಅದನ್ನು ನೋಡಲು ಒಂದು ಖಾಲಿ ಕಣ, ಎರಡು ಮೂರು ಹಗ್ಗ, ಸೀಮೆಸುಣ್ಣ, ಅಳತೆ ಟೇಪ್, ಮೊಬೈಲ್‌ನಲ್ಲಿ ಒಂದು ಕೀಬೋರ್ಡ್ ಆ್ಯಪ್, ಮನೆಯ ನಾಲ್ಕು ಜನ ಸಾಕು. ಮಳೆ ನಿಂತು, ಕಾಫಿ ಕೊಯ್ಲು ಇನ್ನೂ ಶುರುವಾಗದ ದಿನಗಳಲ್ಲಿ ಮಾಡಿ. ಕಣದ ತುಂಬ ಹಣ್ಣು ಹರಡಿದ ಮೇಲೆ ಯಾರೂ ನಿಮ್ಮನ್ನು ಒಳಗೆ ಬಿಡುವುದಿಲ್ಲ!

ಮೊದಲು ವೃತ್ತ. ಒಬ್ಬರು ನಡುವೆ ಹಗ್ಗದ ತುದಿ ಒತ್ತಿ ಹಿಡಿಯಲಿ, ಇನ್ನೊಬ್ಬರು ಸರಿಯಾಗಿ 1 ಮೀಟರ್ ಅಳತೆಗೆ ಸೀಮೆಸುಣ್ಣ ಹಿಡಿದು ಸುತ್ತು ಬರಲಿ.

ಈಗ ಅದರ ಮೇಲೆ 12 ಮನೆ ಗುರುತಿಸಬೇಕು. ಅದೇ 1 ಮೀಟರ್ ಹಗ್ಗವನ್ನು ವೃತ್ತದ ಗೆರೆಯ ಮೇಲಿನ ಒಂದು ಬಿಂದುವಿನಿಂದ ಮುಂದಿನದಕ್ಕೆ ಬಿಗಿಯಾಗಿ ಎಳೆಯುತ್ತಾ ಹೋಗಿ. ಆರು ಸಲಕ್ಕೆ ಹೊರಟಲ್ಲಿಗೇ ಬರುತ್ತೀರಿ, ಯಾಕೆಂದರೆ ತ್ರಿಜ್ಯದಷ್ಟೇ ಉದ್ದದ ಜ್ಯಾ 60 ಡಿಗ್ರಿ ಕೋನ ಮಾಡುತ್ತದೆ. ಉಳಿದ ಆರಕ್ಕೆ, ಅಕ್ಕಪಕ್ಕದ ಎರಡು ಬಿಂದುಗಳಿಂದ ಅದೇ ಹಗ್ಗದಲ್ಲಿ ವೃತ್ತದ ಹೊರಗೆ ಎರಡು ಕಮಾನು ಎಳೆಯಿರಿ. ಅವು ಕೂಡುವ ಜಾಗದಿಂದ ಕೇಂದ್ರದ ಮೂಲಕ ಆಚೆ ಬದಿಯವರೆಗೂ ಗೆರೆ ಹಾಕಿದರೆ ಒಂದೇ ಸಲಕ್ಕೆ ಎರಡು ಮನೆ ಸಿಗುತ್ತವೆ, ಹಾಗಾಗಿ ಮೂರು ಗೆರೆ ಹಾಕಿದರೆ ಮುಗಿಯಿತು. ಕೇಂದ್ರದಿಂದ ಎಳೆದ ಲಂಬ ಜ್ಯಾವನ್ನು ಸಮಭಾಗ ಮಾಡುತ್ತದೆ ಅಂತ ಬಾಯಿಪಾಠ ಮಾಡಿದ್ದೆವಲ್ವಾ, ಅದು ಕೆಲಸಕ್ಕೆ ಬರುವುದು ಇಲ್ಲಿ.

ಮನೆಗಳಿಗೆ ಗಡಿಯಾರದ ದಿಕ್ಕಿನಲ್ಲಿ ನಮ್ಮ ಸಂಗೀತದ ಹನ್ನೆರಡು ಸ್ವರಸ್ಥಾನಗಳ ಹೆಸರು ಬರೆಯಿರಿ: ಸ, ರಿ1, ರಿ2, ಗ2, ಗ3, ಮ1, ಮ2, ಪ, ದ1, ದ2, ನಿ2, ನಿ3. ಗಿಟಾರ್‌ನವರು ಸಿ, ಸಿ ಶಾರ್ಪ್, ಡಿ ಅಂತ ಬರೆದುಕೊಂಡರೂ ಸರಿಯೇ.

ಯಾವ ಎರಡು ಮನೆಗೆ ಹಗ್ಗ ಕಟ್ಟಿದರೂ ಅದು ಜ್ಯಾ. ಟೇಪ್ ಹಿಡಿಯಿರಿ. ಒಂದು ಮನೆ ದೂರಕ್ಕೆ 52 ಸೆಂಟಿಮೀಟರ್, ಎರಡಕ್ಕೆ 1 ಮೀಟರ್, ಮೂರಕ್ಕೆ 1.41, ನಾಲ್ಕಕ್ಕೆ 1.73, ಐದಕ್ಕೆ 1.93, ಆರಕ್ಕೆ 2 ಮೀಟರ್, ಅದೇ ವ್ಯಾಸ. ಈ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಬೇಕೆಂದೇನಿಲ್ಲ. ಕ್ರಿ.ಶ. 499ರಲ್ಲಿ ಆರ್ಯಭಟ ಕೊಟ್ಟ ಅರ್ಧಜ್ಯಾಗಳ ವ್ಯತ್ಯಾಸಗಳ ಪಟ್ಟಿ 225, 224, 222, 219 ಅಂತ ಶುರುವಾಗುತ್ತದೆ. ಒಂದೊಂದು ಹೆಜ್ಜೆಗೆ 3.75 ಡಿಗ್ರಿ, ನಾಲ್ಕಕ್ಕೆ 15, ಅಂದರೆ ಒಂದು ಮನೆಯ 30 ಡಿಗ್ರಿಯಲ್ಲಿ ಅರ್ಧ. ಈ ನಾಲ್ಕನ್ನು ಕೂಡಿ, 890. ಅವನ ತ್ರಿಜ್ಯ 3438. ಭಾಗಿಸಿ ದುಪ್ಪಟ್ಟು ಮಾಡಿದರೆ 0.52 ಬರುತ್ತದೆ, ನಿಮ್ಮ ಟೇಪ್ ಹೇಳಿದ್ದೂ ಅದನ್ನೇ.

ಇನ್ನು ಸಂಗೀತ. ಮೂವರು ಸ, ಗ3, ಪ ಮನೆಗಳಲ್ಲಿ ನಿಂತು ಹಗ್ಗ ಹಿಡಿಯಲಿ. ಆ್ಯಪ್‌ನಲ್ಲಿ ಈ ಮೂರನ್ನೂ ಒಟ್ಟಿಗೆ ಒತ್ತಿ. ಇದು ಮೇಜರ್ ಕಾರ್ಡ್, ಅಗಲವಾದ ಖುಷಿಯ ಸದ್ದು. ಬದಿಗಳು 1.73, 1.41, 1.93. ಈಗ ಗ3ರಲ್ಲಿ ನಿಂತವರು ಒಂದು ಮನೆ ಹಿಂದೆ ಗ2ಕ್ಕೆ ಹೋಗಲಿ. ಮೈನರ್ ಆಯಿತು, ಸದ್ದು ಕೂಡಲೇ ಮಂಕಾಗುತ್ತದೆ. ಬದಿ ಅಳೆದರೆ ಅವೇ ಮೂರು ಅಳತೆ! ಕೋನಗಳೂ ಅವೇ 45, 60, 75 ಡಿಗ್ರಿ. ತ್ರಿಕೋನ ಕನ್ನಡಿಯಲ್ಲಿ ಕಂಡಂತೆ ತಿರುಗಿದೆ, ಅಷ್ಟೇ. ನನ್ನ ಮಟ್ಟಿಗೆ ಇಡೀ ಆಟದಲ್ಲಿ ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ.

ನಾಲ್ಕು ನಾಲ್ಕು ಮನೆ ದೂರದಲ್ಲಿ ನಿಂತರೆ ಸಮಬಾಹು ತ್ರಿಕೋನ, ಅದು ಆಗ್ಮೆಂಟೆಡ್ ಕಾರ್ಡ್. ಅದರ ಗೊಡವೆ ಸದ್ಯಕ್ಕೆ ಬೇಡ.

ಉದ್ದಕ್ಕೂ ಇಂಪಿಗೂ ಮಾತ್ರ ನಂಟು ಹುಡುಕಬೇಡಿ. ಅತಿ ಗಿಡ್ಡ ಜ್ಯಾ ಸ-ರಿ1 ಕಿವಿಗೆ ಕರಕರ ಅನ್ನುತ್ತದೆ, ಅತಿ ಉದ್ದದ ಸ-ಮ2 ಕೂಡ ನೆಮ್ಮದಿ ಕೊಡುವುದಿಲ್ಲ. ಅದಕ್ಕಿಂತ 7 ಸೆಂಟಿಮೀಟರ್ ಮಾತ್ರ ಚಿಕ್ಕದಾದ ಸ-ಪ ಎಷ್ಟು ಹಿತ ಅಂದರೆ ತಂಬೂರಿಯನ್ನೇ ಹಾಗೆ ಶ್ರುತಿ ಮಾಡುತ್ತಾರೆ. ಇಂಪು ಬರುವುದು ಕಂಪನದ ಲೆಕ್ಕದಿಂದ: ಸ ಎರಡು ಸಲ ಅದುರುವಷ್ಟರಲ್ಲಿ ಪ ಮೂರು ಸಲ ಅದುರುತ್ತದೆ. ಹಾಗಂತ ಎಲ್ಲ ಹಾಡಿಗೂ ಕಾರ್ಡ್ ತುರುಕಬೇಕಿಲ್ಲ. ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತಾ ಹಾಡುವ ನಮ್ಮ ಕೊಡವರ ದುಡಿಕೊಟ್ಟ್ ಪಾಟ್‌ಗೆ ದುಡಿ ಸಾಕು, ಅದಕ್ಕೆ ಗಿಟಾರ್ ಸೇರಿಸುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಮೂವರೂ ಹಗ್ಗ ಬಿಡದೆ ಎರಡೆರಡು ಮನೆ ಮುಂದೆ ಸರಿಯಿರಿ. ತ್ರಿಕೋನ ಬದಲಾಗಲಿಲ್ಲ, ಶ್ರುತಿ ಮಾತ್ರ ಏರಿತು. ಗಿಟಾರ್‌ನ ಎರಡನೇ ಫ್ರೆಟ್‌ಗೆ, ಅಂದರೆ ಕೊರಳಿನ ಎರಡನೇ ಮನೆಗೆ, ಎಲ್ಲ ತಂತಿ ಒತ್ತಿ ಹಿಡಿಯುವ ಕೇಪೋ ಎಂಬ ಕ್ಲಿಪ್ ಹಾಕಿದಾಗ ಆಗುವುದೂ ಇದೇ.

ಕೊನೆಯದು ಸೆವೆಂತ್ ಕಾರ್ಡ್. ಮತ್ತೆ ಸ, ಗ3, ಪಗೆ ಬನ್ನಿ, ನಾಲ್ಕನೆಯವರು ನಿ2ರಲ್ಲಿ ನಿಲ್ಲಲಿ. ಗ3ರಿಂದ ನಿ2ಕ್ಕೆ ಹಗ್ಗ ಎಳೆದರೆ ಅದು ನೇರ ಕೇಂದ್ರದ ಮೇಲೆ ಹಾಯುತ್ತದೆ. ಆ ತಳಮಳದ ವ್ಯಾಸ ಒಳಗೆ ಸೇರಿದ್ದರಿಂದಲೇ ಈ ಕಾರ್ಡ್ ನಿಂತಲ್ಲಿ ನಿಲ್ಲದೆ ಮುಂದಕ್ಕೆ ಎಳೆಯುತ್ತದೆ. ಗ3ರವರು ಒಂದು ಮನೆ ಮುಂದೆ ಮ1ಕ್ಕೆ, ನಿ2ರವರು ಒಂದು ಮನೆ ಹಿಂದೆ ದ2ಕ್ಕೆ ಸರಿಯಲಿ, ಪದಲ್ಲಿರುವವರು ಹೊರಗೆ ಬರಲಿ. ಮ1, ದ2, ಸ ಒಟ್ಟಿಗೆ ಒತ್ತಿ ಕೇಳಿ, ಆಮೇಲೆ ಅಳೆಯಿರಿ: 1.73, 1.41, 1.93.