ಸಂಯುಗ್ಮ ಜೋಡಿ: ಒಂದೇ ಪ್ರೋಟಾನಿನ ಲೆಕ್ಕ

‘ಸಲ್ಫ್ಯೂರಿಕ್ ಆಮ್ಲದ ಸಂಯುಗ್ಮ ಪ್ರತ್ಯಾಮ್ಲ ಯಾವುದು?’ ಒಂದು ಅಂಕದ ಪ್ರಶ್ನೆ. ಆಮ್ಲ ಒಂದು ಪ್ರೋಟಾನ್ (ಅಂದರೆ ಹೈಡ್ರೋಜನ್ ಅಯಾನು) ಕೊಟ್ಟ ಮೇಲೆ ಉಳಿಯುವುದೇ ಅದರ ಸಂಯುಗ್ಮ ಪ್ರತ್ಯಾಮ್ಲ, ಎರಡೂ ಸೇರಿ ಸಂಯುಗ್ಮ ಜೋಡಿ. ಪಿಯುಸಿ ಮಕ್ಕಳ ಉತ್ತರ ತಿದ್ದಲು ಕೂತರೆ ಅರ್ಧ ಹಾಳೆಗಳಲ್ಲಿ ‘ಸಲ್ಫೇಟ್’ ಎಂದಿರುತ್ತದೆ. ತಪ್ಪು.

ಮೊದಲು ಸಮೀಕರಣವನ್ನು ಪೂರ್ತಿ ಬರೆದುಕೊಳ್ಳಿ. ಅಮೋನಿಯಾ ಮತ್ತು ನೀರು ಸೇರಿ ಅಮೋನಿಯಂ, ಹೈಡ್ರಾಕ್ಸೈಡ್ ಆಗುತ್ತವೆ ಎಂದಿಟ್ಟುಕೊಳ್ಳಿ.

ಆಮೇಲೆ ಪ್ರೋಟಾನ್ ಕೊಟ್ಟವರು ಯಾರು, ಪಡೆದವರು ಯಾರು ನೋಡಿ. ಕೊಡುವುದು ಆಮ್ಲ, ಪಡೆಯುವುದು ಪ್ರತ್ಯಾಮ್ಲ. 1923ರಲ್ಲಿ ಬ್ರಾನ್‌ಸ್ಟೆಡ್ ಮತ್ತು ಲೌರಿ ಬೇರೆ ಬೇರೆಯಾಗಿ ಹೇಳಿದ್ದು ಇಷ್ಟೇ. ಇಲ್ಲಿ ನೀರು ಕೊಟ್ಟು ಹೈಡ್ರಾಕ್ಸೈಡ್ ಆಯಿತು, ಅಮೋನಿಯಾ ಪಡೆದು ಅಮೋನಿಯಂ ಆಯಿತು. ಜೋಡಿ ಯಾವಾಗಲೂ ಬಾಣದ ಆಚೆ-ಈಚೆ ಇರುತ್ತದೆ. ಪೆನ್ಸಿಲಿನಲ್ಲಿ ಗೆರೆ ಎಳೆದು ಸೇರಿಸಿ. ಮನಸ್ಸಿನಲ್ಲೇ ಮಾಡುತ್ತೇನೆ ಎನ್ನುವವರೇ ಮುಗ್ಗರಿಸುವುದು. ‘ಓಎಚ್ ಇದ್ದರಷ್ಟೇ ಪ್ರತ್ಯಾಮ್ಲ’ ಎಂಬ ಗೈಡಿನ ಸೂತ್ರವನ್ನಂತೂ ಮರೆತುಬಿಡಿ, ಅಮೋನಿಯಾದಲ್ಲಿ ಅದೆಲ್ಲಿದೆ?

ಇನ್ನು ಎಲ್ಲರೂ ಎಡವುವ ಜಾಗ. ಜೋಡಿಯ ನಡುವಿನ ವ್ಯತ್ಯಾಸ ಒಂದೇ ಒಂದು ಪ್ರೋಟಾನ್. ಹಾಳೆಯ ಅಂಚಿನಲ್ಲಿ ಎರಡು ಸಾಲು ಬರೆಯಿರಿ: ಹೈಡ್ರೋಜನ್ ಎಷ್ಟು, ಆವೇಶ ಎಷ್ಟು. ಸಲ್ಫ್ಯೂರಿಕ್ ಆಮ್ಲಕ್ಕೆ 2 ಮತ್ತು 0. ಒಂದು ಪ್ರೋಟಾನ್ ಹೋದರೆ 1 ಮತ್ತು −1. ಅದು ಬೈಸಲ್ಫೇಟ್, ಅದೇ ಉತ್ತರ. ಸಲ್ಫೇಟ್ ಬರಬೇಕಾದರೆ ಇನ್ನೊಂದು ಹೋಗಬೇಕು. ಅದು ಬೈಸಲ್ಫೇಟಿನ ಜೋಡಿ. ಹೈಡ್ರೋನಿಯಂ-ಹೈಡ್ರಾಕ್ಸೈಡ್ ಜೋಡಿ ಎಂದು ಬರೆಯುವವರದೂ ಇದೇ ಎಡವಟ್ಟು: ನೀರು ಒಂದು ಪ್ರೋಟಾನ್ ಪಡೆದರೆ ಹೈಡ್ರೋನಿಯಂ, ಕೊಟ್ಟರೆ ಹೈಡ್ರಾಕ್ಸೈಡ್, ನಡುವೆ ನೀರು ಕೂತಿದೆ.

ಅಮೋನಿಯಾ ಪ್ರೋಟಾನ್ ಕೊಡುವ ಆಮ್ಲವೂ ಆಗಬಲ್ಲದು; ಎರಡನೇ ಸಾಲನ್ನು ಬಿಟ್ಟವರು ಆಗ ಅದರ ಸಂಯುಗ್ಮ ಪ್ರತ್ಯಾಮ್ಲಕ್ಕೆ ಋಣ ಚಿಹ್ನೆಯನ್ನೇ ಹಾಕುವುದಿಲ್ಲ. ಪ್ರೋಟಾನ್ ಹೋಗುವಾಗ ತನ್ನ ಧನ ಆವೇಶವನ್ನೂ ಒಯ್ಯುತ್ತದೆ, ಆದ್ದರಿಂದ ಅಮೈಡ್ ಅಯಾನಿಗೆ −1. ಅಡುಗೆ ಸೋಡಾದ ಬೈಕಾರ್ಬೊನೇಟ್ ಎರಡು ಕಡೆಗೂ ಸಲ್ಲುತ್ತದೆ: ಪಡೆದರೆ ಕಾರ್ಬಾನಿಕ್ ಆಮ್ಲ, ಕೊಟ್ಟರೆ −2 ಆವೇಶದ ಕಾರ್ಬೊನೇಟ್.

ಕೊನೆಗೆ ಬಲ. ‘ದುರ್ಬಲ ಆಮ್ಲದ ಸಂಯುಗ್ಮ ಪ್ರತ್ಯಾಮ್ಲ ಪ್ರಬಲ’ ಎಂದು ಬಾಯಿಪಾಠ ಮಾಡಬೇಡಿ. ಬಲವನ್ನು ಅಳೆಯುವುದು ವಿಯೋಜನ ಸ್ಥಿರಾಂಕ, ಅದು ದೊಡ್ಡದಾದಷ್ಟೂ ಬಲ ಹೆಚ್ಚು. ವಿನೆಗರಿನ ಅಸಿಟಿಕ್ ಆಮ್ಲದ ಸ್ಥಿರಾಂಕ ಸುಮಾರು 1.8 × 10⁻⁵. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಜೋಡಿಯ ಎರಡು ಸ್ಥಿರಾಂಕಗಳ ಗುಣಲಬ್ಧ 10⁻¹⁴. ಹಾಗಾಗಿ ಅಸಿಟೇಟಿನದು ಸುಮಾರು 5.6 × 10⁻¹⁰. ಇದನ್ನು ಪ್ರಬಲ ಎನ್ನಲಾದೀತೇ? ಪ್ರಬಲವಾದ ಹೈಡ್ರೋಕ್ಲೋರಿಕ್ ಆಮ್ಲದ ಜೋಡಿ ಕ್ಲೋರೈಡಿಗಿಂತ ವಾಸಿ, ಅಷ್ಟೇ.

ಈಗ ಡೈಹೈಡ್ರೋಜನ್ ಫಾಸ್ಫೇಟ್ ಅಯಾನಿನ ಎರಡೂ ಜೋಡಿ ಬರೆಯಿರಿ. ಅಂಚಿನ ಎರಡು ಸಾಲು ಮೊದಲು.